ಅವ್ವ ಓಡಿಸಿದರೆ ಕುದಿಯುವ ಕಾರು

ಹಳ್ಳದ ಸೇತುವೆಯ ಕಟ್ಟೆಯ ಮೇಲೆ ಕೂತು ಅವ್ವ ಅತ್ತಳು ಎಂದು ನಾನು ಬಹಳ ಜನರ ಮುಂದೆ ಹೇಳಿದ್ದೇನೆ. ಹೆಂಡತಿಗೆ ಹೇಳಿದ್ದೇನೆ, ಗೆಳೆಯರಿಗೆ ಹೇಳಿದ್ದೇನೆ, ಒಮ್ಮೆ ತರಗತಿಯಲ್ಲಿ ಪಾಠ ಬಿಟ್ಟು ವಿದ್ಯಾರ್ಥಿಗಳಿಗೂ ಹೇಳಿದ್ದೇನೆ. ಹೇಳುತ್ತ ಹೇಳುತ್ತ ಆ ಚಿತ್ರ ಎಷ್ಟು ನಿಚ್ಚಳವಾಯಿತೆಂದರೆ ಅವಳ ಸೀರೆಯ ಅಂಚಿನ ಬಣ್ಣ ಕೂಡ ನನಗೆ ಕಾಣತೊಡಗಿತು. ನನ್ನ ಅನುಮಾನ ಶುರುವಾಗುವುದು ಅಲ್ಲಿಂದಲೇ. ನಾನು ಧಾರವಾಡದಲ್ಲಿ ಇತಿಹಾಸ ಓದಿದವನು. ಒಂದು ಘಟನೆಗೆ ಒಬ್ಬನೇ ಸಾಕ್ಷಿ ಇದ್ದು, ಅವನು ಅದೇ ಕಥೆಯನ್ನು ಪ್ರತಿಸಲ ಇನ್ನಷ್ಟು ಚೆನ್ನಾಗಿ ಹೇಳುತ್ತ ಹೋದರೆ ಅವನನ್ನು ನಂಬಬಾರದು ಎಂದು ಕಲಿತವನು. ಇಲ್ಲಿ ಆ ಸಾಕ್ಷಿ ನಾನೇ. ಅವ್ವನನ್ನು ಕೇಳಿದರೆ, "ಅತ್ತಿರಾಕಿಲ್ಲ ಬಿಡೋ, ಉಗಿ ಕಣ್ಣಿಗೆ ಬಡದಿತ್ತು" ಎನ್ನುತ್ತಾಳೆ. ಆದ್ದರಿಂದ ಅತ್ತಳು ಎಂದು ಬರೆಯುವುದಿಲ್ಲ. ಕಾರು ಕುದಿಯಿತು ಎಂದು ಬರೆಯಬಹುದು. ಒಂದೇ ಸಲವಲ್ಲ, ಅವ್ವನ ನೌಕರಿ ಹೋಗುವವರೆಗೂ ಕುದಿಯಿತು. ಅಷ್ಟರಮಟ್ಟಿಗೆ ನನ್ನ ನೆನಪಿನ ಜೊತೆ ನನಗೆ ತಕರಾರಿಲ್ಲ.

ಯರಗುಪ್ಪಿಯ ನಮ್ಮ ಮನೆಯ ತಲೆಬಾಗಿಲು ದಾಟಿದರೆ ಮೊದಲು ಸಿಗುತ್ತಿದ್ದುದು ದನ ಕಟ್ಟುವ ಜಾಗ. ಅದನ್ನು ದಾಟಿ ಸೊಂಟದೆತ್ತರದ ಕಟ್ಟೆ ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಮೂಲೆಯಲ್ಲಿ ದೇವರ ಕೋಣೆ. ಊಟಕ್ಕೆ ಕೂತವರಿಗೆ ಎತ್ತುಗಳ ಮುಖ ಕಾಣುತ್ತಿತ್ತು, ಎತ್ತುಗಳಿಗೆ ನಮ್ಮ ತಾಟು ಕಾಣುತ್ತಿತ್ತು. ನನಗೆ ಬುದ್ಧಿ ಬರುವ ಹೊತ್ತಿಗೆ ಎತ್ತುಗಳು ಹೋಗಿದ್ದವು, ಹೊಲಕ್ಕೆ ಬಾಡಿಗೆ ಟ್ರ್ಯಾಕ್ಟರು ಬರುತ್ತಿತ್ತು. ಊರಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ಅಪ್ಪ ಆ ಖಾಲಿ ಜಾಗಕ್ಕೆ ಹಳೆಯದೊಂದು ನೀಲಿ ಕಾರು ತಂದ. ಕಾರು ತಲೆಬಾಗಿಲಲ್ಲಿ ತೂರಲಿಲ್ಲ. ಬಾಗಿಲಿನ ಬಾಜೂ ಗೋಡೆ ಒಡೆಸಿ ಒಳಗೆ ತರಬೇಕಾಯಿತು. ಗೋಡೆ ಒಡೆಯುವ ದಿನ ಆಯಿ, ಅಂದರೆ ಅಪ್ಪನ ತಾಯಿ, ಹಿತ್ತಲಲ್ಲಿ ಹೋಗಿ ಕೂತವಳು ಮಧ್ಯಾಹ್ನದವರೆಗೂ ಒಳಗೆ ಬರಲಿಲ್ಲ. ಕಾರು ಮೇವು ಹಾಕುವ ಗ್ವಾದಲಿಗೆ ಮುಖ ಮಾಡಿ ನಿಂತಿತು, ಎತ್ತು ಮೇವು ತಿನ್ನುವಾಗ ನಿಲ್ಲುತ್ತಿದ್ದಂತೆಯೇ. ಗ್ವಾದಲಿಯಲ್ಲಿ ಆಯಿ ಒಣ ಮೆಣಸಿನಕಾಯಿಯ ಚೀಲ ಇಟ್ಟಿದ್ದಳು. ಬೆಳಿಗ್ಗೆ ಗಾಡಿ ಚಾಲೂ ಮಾಡಿದರೆ ಖಾರದ ಘಾಟು, ಪೆಟ್ರೋಲಿನ ವಾಸನೆ, ಹಂಚಿನ ಮೇಲಿನ ರೊಟ್ಟಿಯ ವಾಸನೆ ಮೂರೂ ಕೂಡಿ ಮನೆಮಂದಿಯೆಲ್ಲ ಕೆಮ್ಮುತ್ತಿದ್ದೆವು. ಇವತ್ತಿಗೂ ಮುಂಜಾನೆ ಎಂದರೆ ನನ್ನ ಮೂಗಿಗೆ ಅದೇ ವಾಸನೆ.

ಅವ್ವ ಕಲಘಟಗಿಯ ಕಡೆಯವಳು, ಬಿ.ಎಸ್ಸಿ., ಬಿ.ಎಡ್. ಮುಗಿಸಿ ಮದುವೆಯಾಗಿ ಬಂದವಳು. ಬಂದ ಮೇಲೆ ಓಣಿಯ ಹುಡುಗಿಯರಿಗೆ ಪಡಸಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳೇ ಹೊರತು ಬೇರೆ ಕೆಲಸ ಮಾಡಿರಲಿಲ್ಲ. ನಾನು ಪ್ರಾಥಮಿಕ ಶಾಲೆಯಲ್ಲಿರುವಾಗ, ಹೊಲಗಳಾಚೆಯ ಒಂದು ಹಳ್ಳಿಯ ಖಾಸಗಿ ಹೈಸ್ಕೂಲಿಗೆ ವಿಜ್ಞಾನದ ಶಿಕ್ಷಕಿ ಬೇಕೆಂದು ಹೇಳಿಕಳಿಸಿದರು. ಆ ಹಳ್ಳಿಗೆ ಬಸ್ಸು ಹೋಗುತ್ತಿದ್ದುದು ಮಧ್ಯಾಹ್ನ. ಅಲ್ಲಿಗೆ ಇದ್ದ ರಸ್ತೆ ಅರ್ಧ ಖಡಿ, ಅರ್ಧ ಎರೆಮಣ್ಣಿನ ಚಕ್ಕಡಿ ದಾರಿ. ಇನ್ನು ಈ ಮಾತು ಇಲ್ಲಿಗೇ ಮುಗಿಯಿತು ಎಂದು ಎಲ್ಲರೂ ಅಂದುಕೊಂಡಾಗ ಅಪ್ಪ ಊಟದ ಮಧ್ಯೆ ತಲೆ ಎತ್ತಿದ.

"ಗಾಡಿ ಹಗಲೆಲ್ಲಾ ಸುಮ್ನ ನಿಂತಿರ್ತೈತಿ. ನೀನ ಹೊಡ್ಕೊಂಡ ಹೋಗು."

"ನಾನಾ?" ಎಂದಳು ಅವ್ವ.

"ಮತ್ತ ನಮ್ಮವ್ವ ಹೊಡಿತಾಳೇನು?"

ಆಯಿ ತಾಟಿನಿಂದ ಕೈ ತೆಗೆದಳು. "ಸೊಸಿ ಗಾಡಿ ಹೊಡಿಯೂದ ನೋಡಿದ್ರ ಊರಾನ ಎತ್ತೆಲ್ಲಾ ನಕ್ಕಾವು."

"ನಗಲಿ ಬಿಡಬೇ," ಎಂದ ಅಪ್ಪ. "ಎತ್ತು ನಕ್ಕದ್ದನ್ನ ನಾ ಒಮ್ಮಿನೂ ನೋಡಿಲ್ಲ. ನೋಡಿಧಂಗ ಆಗ್ತೈತಿ."

ಅವ್ವ ನಕ್ಕಳು, ನಾನೂ ನಕ್ಕೆ. ಆಯಿ ಮಾತ್ರ ಎದ್ದು ಹೋದಳು. ಆ ನಗು ನನಗೆ ಮುಖ್ಯ. ಅಪ್ಪ ಹೀಗೆ ನಮ್ಮನ್ನು ನಗಿಸಿ ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದ. ಊರಿನ ಬೇರೆ ಅಪ್ಪಂದಿರು ಬೈದು ಮಾಡಿಸುವುದನ್ನು ನಮ್ಮಪ್ಪ ನಗಿಸಿ ಮಾಡಿಸುತ್ತಾನೆ ಎಂದು ನನಗೆ ಹೆಮ್ಮೆ ಇತ್ತು. ಆ ಬೇಸಿಗೆಯಲ್ಲಿ ಜೋಳ, ಕಡಲೆ ಕಿತ್ತು ಬಯಲಾದ ಹೊಲದಲ್ಲಿ ಅವನೇ ಅವಳಿಗೆ ಗಾಡಿ ಕಲಿಸಿದ. ಬಿರುಕು ಬಿಟ್ಟ ಎರೆಭೂಮಿಯಲ್ಲಿ ಗಾಡಿ ಕುಣಿಯುತ್ತಿತ್ತು. ಅವಳು ಕ್ಲಚ್ಚು ಬಿಟ್ಟು ಗಾಡಿ ಬಂದಾದಾಗಲೆಲ್ಲ ಅಪ್ಪ ಹಣೆಗೆ ಕೈ ಹಚ್ಚಿ, "ಮಾಸ್ತರ್ಬಾಯಾರ, ಮತ್ತ ಫೇಲ್ ಆದ್ರಿ" ಎನ್ನುತ್ತಿದ್ದ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಮತ್ತೆ ಚಾವಿ ತಿರುವುತ್ತಿದ್ದಳು. ಲೈಸೆನ್ಸ್ ಬಂದ ದಿನ ಅಪ್ಪ ಕುಂದಗೋಳದಿಂದ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದು ಓಣಿಗೆಲ್ಲ ಹಂಚಿದ. ಇದೆಲ್ಲ ನಡೆದದ್ದೇ. ಓಣಿಯ ಹಿರಿಯರು ಇಂದಿಗೂ ಆ ಮಿರ್ಚಿಯ ಮಾತು ಎತ್ತುತ್ತಾರೆ.

ಶಾಲೆ ಶುರುವಾದ ಮೇಲೆ ನಮ್ಮ ಮನೆಗೆ ಬೆಳಗಿನ ಒಂದು ಹೊಸ ಪದ್ಧತಿ ಬಂತು. ಅಪ್ಪ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಗೆ ಹಚ್ಚಿಕೊಂಡ ಇಬತ್ತಿ ಒಣಗುವ ಮೊದಲೇ ಚರಗಿ ತುಂಬ ನೀರು ಹಿಡಿದು ಕಾರಿನ ಬಾನೆಟ್ ಎತ್ತುತ್ತಿದ್ದ. ನೀರು ನೋಡುತ್ತಿದ್ದ, ಆಯಿಲ್ ನೋಡುತ್ತಿದ್ದ, ಬಾನೆಟ್ ಇಳಿಸಿ ಅದರ ಮೇಲೂ ಮೂರು ಬೆರಳಿನ ಇಬತ್ತಿ ಎಳೆಯುತ್ತಿದ್ದ. "ನೋಡೀನಿ, ಹೋಗಿ ಬರ್ರಿ" ಎಂದು ಅವನು ಹೇಳಿದ ಮೇಲೆ ನಾವು ಹೊರಡಬೇಕು. ನನ್ನನ್ನೂ ಅವ್ವ ಅದೇ ಹಳ್ಳಿಯ ಶಾಲೆಗೆ ಹಾಕಿದ್ದಳು. ನಾನು ಮುಂದಿನ ಸೀಟಿನಲ್ಲಿ ಕೂತು ಗಾಡಿಯ ಬಿಸಿ ತೋರಿಸುವ ಮುಳ್ಳನ್ನು ನೋಡುತ್ತಿರಬೇಕು. ಅದು ಕೆಂಪು ಗೆರೆಗೆ ಬಂತೆಂದರೆ ಹೇಳಬೇಕು. ಈ ಕೆಲಸ ಕೊಟ್ಟವನೂ ಅಪ್ಪನೇ. ಅದರ ಜೊತೆಗೆ ಒಂದು ನಿಯಮವನ್ನೂ ಹಾಕಿದ್ದ.

"ಮುಳ್ಳು ಕೆಂಪಿಗೆ ಬಂತಂದ್ರ ಮದಲ ಚಾವಿ ಬಂದ್ ಮಾಡು. ಇಲ್ಲಂದ್ರ ಇಂಜಿನ್ ಹೆಡ್ ಸೀಳತೈತಿ. ಪೂರ್ತಿ ತಣ್ಣಗ ಆಗೂಮಟಾ ಬಾನೆಟ್ ಎತ್ತಬ್ಯಾಡ. ಮಾರಿ ಸುಟ್ಕೊಂಡೀಯ, ಸರೋಜಾ."

ಹೆಂಡತಿಯ ಮುಖ ಸುಡಬಾರದೆಂಬ ಕಾಳಜಿ ಅದು. ನಾವಿಬ್ಬರೂ ಅದನ್ನು ಮಂತ್ರದ ಹಾಗೆ ಪಾಲಿಸಿದೆವು.

ಮೊದಲ ವಾರ ಏನೂ ಆಗಲಿಲ್ಲ ಎಂದು ನನ್ನ ನೆನಪು. ಆಮೇಲೆ ಒಂದು ಬೆಳಿಗ್ಗೆ, ಚಕ್ಕಡಿ ದಾರಿಯಲ್ಲಿ ಒಂದು-ಎರಡನೇ ಗೇರಿನಲ್ಲಿ ಏಳುತ್ತ ಬೀಳುತ್ತ ಹೋಗುವಾಗ ಮುಳ್ಳು ಏರತೊಡಗಿತು. "ಯವ್ವಾ, ಕೆಂಪ!" ಎಂದು ಕೂಗಿದೆ. ಅವಳು ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ಚಾವಿ ತಿರುವಿದಳು. ಬಾನೆಟ್ಟಿನ ಸಂದಿಯಿಂದ ಉಗಿ ಬಂತು. ನಾವು ಕೆಳಗಿಳಿದು ಕಟ್ಟೆಯ ಮೇಲೆ ಕೂತೆವು. ಕಳೆ ಕೀಳಲು ಹೊರಟ ಹೆಂಗಸರನ್ನು ತುಂಬಿಕೊಂಡು ಒಂದು ಟೆಂಪೋ ನಮ್ಮನ್ನು ದಾಟುತ್ತ ನಿಧಾನ ಮಾಡಿತು.

"ಅಕ್ಕಾರ, ಚಹಾಕ್ಕ ಇಟ್ಟೀರೇನ್ರಿ?" ಎಂದು ಒಬ್ಬಳು ಕೂಗಿದಳು.

"ಸಕ್ಕರಿ ಇಲ್ಲಬೇ, ಕೊಟ್ಟ ಹೋಗು," ಎಂದು ಅವ್ವನೂ ಕೂಗಿದಳು.

ಟೆಂಪೋ ತುಂಬ ನಗು. ಅವ್ವನೂ ನಗುತ್ತಿದ್ದಳು, ಆದರೆ ಕೈಗಡಿಯಾರ ನೋಡುತ್ತಿದ್ದಳು. ಆ ದಿನ ಮೊದಲ ಪಾಠದ ಗಂಟೆ ತಪ್ಪಿತು. ಮರುವಾರ ಮತ್ತೆ ತಪ್ಪಿತು. ಗಾಡಿ ತಣ್ಣಗಾಗಿ, ನೀರು ಹಾಕಿ, ಹೊರಟು ಮುಟ್ಟುವಷ್ಟರಲ್ಲಿ ಒಂಬತ್ತನೇ ಇಯತ್ತೆಯ ಮಕ್ಕಳು ಮೈದಾನದಲ್ಲಿ ಕಬಡ್ಡಿ ಆಡುತ್ತಿದ್ದರು. ಹೆಡ್ ಮಾಸ್ತರು ಮೊದಲು ನಕ್ಕರು, ಆಮೇಲೆ ನಗುವುದನ್ನು ಬಿಟ್ಟರು.

ಸಂಜೆ ಮನೆಗೆ ಬಂದರೆ ಅಪ್ಪ ಅಂಗಡಿ ಬಿಟ್ಟು ಓಡಿಬರುತ್ತಿದ್ದ. ಬಾನೆಟ್ ಎತ್ತಿ ಒಳಗೆಲ್ಲ ಕೈಯಾಡಿಸಿ, ಗಾಡಿಯನ್ನು ನಿಂತಲ್ಲೇ ಚಾಲೂ ಇಟ್ಟು ಮುಳ್ಳು ಏರುವವರೆಗೂ ಕಾಯುತ್ತಿದ್ದ. ಬಿಸಿ ಆದ ಕೂಡಲೇ ರೇಡಿಯೇಟರಿನ ಹಿಂದಿನ ಫ್ಯಾನು ಗರ್ರೆಂದು ತಿರುಗುತ್ತಿತ್ತು, ಮುಳ್ಳು ಇಳಿಯುತ್ತಿತ್ತು. "ನೋಡು, ತಿರಗಾಕತ್ತೈತಿ" ಎಂದು ಅವನು ಅವ್ವನ ಕಡೆ ನೋಡಿ ಕೈ ಚೆಲ್ಲುತ್ತಿದ್ದ. ದಾರಿಯಲ್ಲಿ ಕುದಿಯುವ ಗಾಡಿ ಮನೆಯಲ್ಲಿ ಯಾಕೆ ಕುದಿಯುವುದಿಲ್ಲ? ನನ್ನ ಬಾಲ್ಯದಲ್ಲಿ ಪಡಸಾಲೆಯಲ್ಲಿ ಕೂತು ಬಿಡಿಸಲು ನೋಡಿದ ಮೊದಲ ನಿಜವಾದ ಲೆಕ್ಕ ಇದು. ಬಿಡಿಸುವುದು ಹೇಗೆಂದು ಅವ್ವನೇ ತೋರಿಸಿದಳು.

"ಒಮ್ಮಿಗೆ ಒಂದ ನೋಡಬೇಕು ಬಸೂ. ಎರಡ ಕೂಡೇ ಬದಲ ಮಾಡಿದ್ರ ಯಾವದ್ರಿಂದ ಸರಿ ಆತು ಅಂತ ಗೊತ್ತಾಗೂದಿಲ್ಲ."

ಮೊದಲು ನೀರು. ನಮ್ಮೂರ ಬೋರಿನ ನೀರು ಸವುಳು. ಕುದಿಸಿದ ಪಾತ್ರೆಯ ತಳಕ್ಕೆ ಬೆಳ್ಳಗೆ ಕಟ್ಟಿಕೊಳ್ಳುತ್ತಿತ್ತು. ಅದೇ ರೇಡಿಯೇಟರಿನ ನಳಿಕೆಗಳೊಳಗೂ ಕಟ್ಟಿರಬೇಕು ಎಂದಳು. ತಾಮ್ರದ ಕೊಡ ತೊಳೆಯುವಂತೆ ಹುಣಸೆಹುಳಿ ಕಲಸಿ, ಸೋಸಿ, ರೇಡಿಯೇಟರಿಗೆ ಹೊಯ್ದು ತೊಳೆದಳು. ಆಮೇಲೆ ಕೆರೆಯ ಸಿಹಿನೀರನ್ನೇ ಹಾಕಬೇಕೆಂದು ಕುಡಿಯುವ ಕೊಡ ಎತ್ತಿದಾಗ ಆಯಿ ಅಡ್ಡ ಬಂದಳು.

"ತಲೀ ಮ್ಯಾಲ ಹೊತ್ತ ತಂದ ನೀರಬೇ ಅದು! ಮಂದಿ ಕುಡಿಯಾಕೋ, ಆ ಕಬ್ಬಣ ಕುಡಿಯಾಕೋ?"

"ನಾಳೆ ಎರಡ ಕೊಡ ಹೆಚ್ಚಿಗಿ ನಾ ತರ್ತೀನ್ರಿ ಅತ್ತಿ," ಎಂದು ಅವ್ವ ಹೊಯ್ದೇ ಬಿಟ್ಟಳು. ಮರುದಿನ ತಂದಳು ಕೂಡ. ಗಾಡಿ ಕುದಿಯಿತು.

ಆಮೇಲೆ ಗಾಳಿ. ಹತ್ತಿಯ ಎಳೆ, ಜೋಳದ ಹೊಟ್ಟು ರೇಡಿಯೇಟರಿನ ಜಾಳಿಗೆಯಲ್ಲಿ ಸಿಕ್ಕಿರಬಹುದೆಂದು ಕಸಬರಿಗೆಯ ಕಡ್ಡಿಯಿಂದ ಒಂದೊಂದು ಸಂದಿಯನ್ನೂ ಕೆದಕಿದಳು. ಒಂದು ಮುಷ್ಟಿ ಹತ್ತಿ ಬಂತು, ನಮಗೆ ಗೆದ್ದಷ್ಟು ಖುಷಿ. ಗಾಡಿ ಕುದಿಯಿತು. ಆಮೇಲೆ ಫ್ಯೂಜು, ಅದು ಸುಟ್ಟಿರಲಿಲ್ಲ. ಆಮೇಲೆ ವೈರು. ಫ್ಯಾನಿನಿಂದ ಹಿಡಿದು ಒಂದೊಂದೇ ವೈರನ್ನು ಬೆರಳಲ್ಲಿ ಎಳೆದು ನೋಡುತ್ತ ಹೋದಳು. ಬ್ಯಾಟರಿಯ ಹತ್ತಿರ ಬಂದಾಗ ಟಾರ್ಚು ದೀಪ ಹಿಡಿದು ನಿಂತಿದ್ದ ಅಪ್ಪ ಅವಳ ಕೈ ಹಿಡಿದ. "ಅಲ್ಲೆ ಆಸಿಡ್ ಇರ್ತೈತಿ, ಸೀರಿ ಸುಡತೈತಿ. ಆ ಬಾಜೂ ನಾ ನೋಡ್ತೀನಿ" ಎಂದು ದೀಪವನ್ನು ನನ್ನ ಕೈಗೆ ಕೊಟ್ಟು ತಾನೇ ಬಗ್ಗಿ ನೋಡಿದ. "ಎಲ್ಲಾ ಬಿಗಿ ಐತಿ" ಎಂದ.

ಉಳಿದದ್ದು ರೇಡಿಯೇಟರಿನ ತಳಕ್ಕೆ ತಿರುಪಿ ಕೂರಿಸಿದ್ದ ಹಿತ್ತಾಳೆಯ ಒಂದು ಸಣ್ಣ ಸಾಮಾನು. ನೀರು ಇಷ್ಟು ಬಿಸಿ ಆಯಿತು, ಇನ್ನು ತಿರುಗು ಎಂದು ಫ್ಯಾನಿಗೆ ಹೇಳುವುದು ಅದೇ. ಅದು ಕೆಟ್ಟಿದೆಯೋ ಇಲ್ಲವೋ ನೋಡಲು ಅವ್ವ ಅದನ್ನು ಬಿಚ್ಚಿ ಅಡುಗೆಮನೆಗೆ ತಂದಳು. ಒಲೆಯ ಮೇಲೆ ಪಾತೇಲಿ, ಪಾತೇಲಿಯಲ್ಲಿ ನೀರು, ನೀರಲ್ಲಿ ದಾರ ಕಟ್ಟಿ ಇಳಿಬಿಟ್ಟ ಆ ಸಾಮಾನು. ಅದರ ಎರಡು ವೈರಿನ ತುದಿಗೆ ಒಂದು ಸೆಲ್ಲು, ಒಂದು ಸಣ್ಣ ಬಲ್ಬು. ಶಾಲೆಯಿಂದ ತಂದ ಉಷ್ಣಮಾಪಕ ನನ್ನ ಕೈಯಲ್ಲಿ. ಆಯಿ ಬಾಗಿಲಲ್ಲಿ ನಿಂತು ಸೊಂಟಕ್ಕೆ ಕೈ ಇಟ್ಟಳು.

"ಮೋಟಾರ ಸಾಮಾನ ಕುದಸಾಕತ್ತೀಯಲ್ಲಬೇ, ಉಪ್ಪು-ಖಾರ ಹಾಕೀಯೋ ಇಲ್ಲೋ?"

"ಬೆಂದಮ್ಯಾಲ ನೀವ ರುಚಿ ನೋಡಿ ಹೇಳ್ರಿ."

ನೀರು ಕುದಿ ಹತ್ತುವ ಸ್ವಲ್ಪ ಮುಂಚೆ ಬಲ್ಬು ಹತ್ತಿತು. ಪಾತೇಲಿ ಕೆಳಗಿಳಿಸಿದಳು, ನೀರು ಆರಿದ ಹಾಗೆ ಬಲ್ಬು ಆರಿತು. ಮತ್ತೆ ಒಲೆಗಿಟ್ಟಳು, ಮತ್ತೆ ಹತ್ತಿತು. ಆಯಿ ಕೂಡ ಒಳಗೆ ಬಂದು ಬಗ್ಗಿ ನೋಡಿದಳು. ಜಗತ್ತಿನಲ್ಲಿ ಕೇಳಿದರೆ ಉತ್ತರ ಕೊಡುವ ವಸ್ತುಗಳಿವೆ ಎಂದು ನನಗೆ ಗೊತ್ತಾದದ್ದು ಆ ಒಲೆಯ ಮುಂದೆ. ಆಮೇಲೆ ನಾನು ಓದಿದ್ದು, ಕಲಿಸಿದ್ದು, ಜಗಳಾಡಿದ್ದು ಎಲ್ಲದರ ಬೇರು ಅಲ್ಲಿದೆ. ಅಪ್ಪ ಪಡಸಾಲೆಯಿಂದ ಚಪ್ಪಾಳೆ ತಟ್ಟಿದ.

"ನಿಮ್ಮವ್ವ ಸೈಂಟಿಸ್ಟ್ ಅದಾಳಲೇ ಬಸ್ಯಾ!"

ಅವನ ಮುಖದಲ್ಲಿ ಹೆಮ್ಮೆ ಇತ್ತು. ಅದು ನಟನೆ ಎಂದು ಇಂದಿಗೂ ನನಗೆ ಅನಿಸುವುದಿಲ್ಲ. ಅದೇ ನನ್ನನ್ನು ಕಾಡುವುದು.

ಕಡೆಗೆ ಅಪ್ಪ ತಾನೇ ಗಾಡಿಯನ್ನು ಹುಬ್ಬಳ್ಳಿಯ ಒಬ್ಬ ಮಿಸ್ತ್ರಿಗೆ ತೋರಿಸಿಕೊಂಡು ಬರುತ್ತೇನೆ ಎಂದು ಒಬ್ಬನೇ ಹೋದ. ಡಾಂಬರು ರಸ್ತೆಯಲ್ಲಿ ಹೋಗಿ ಬಂದ, ಗಾಡಿ ಕುದಿದಿರಲಿಲ್ಲ. ಆ ಸಂಜೆ ಪುಂಡಿಪಲ್ಯ, ರೊಟ್ಟಿ. ಅಪ್ಪ ಬಂದು ಊಟಕ್ಕೆ ಕೂತ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು.

"ಏನಂದ್ರು?"

"ಗಾಡ್ಯಾಗ ಏನೂ ಇಲ್ಲಂತ."

"ಮತ್ತ?"

"ಹೊಡಿಯೂದ್ರಾಗ ಐತಂತ." ಅವನು ರೊಟ್ಟಿ ಮುರಿಯುತ್ತಲೇ ಹೇಳಿದ, ಬಹಳ ಮೆತ್ತಗೆ. "ಹೊಸಬರು ಅರ್ಧಾ ಕ್ಲಚ್ಚಿನ ಮ್ಯಾಲ ಕಾಲ ಇಟ್ಕೊಂಡ ಹೊಡಿತಾರಂತ. ಸಣ್ಣ ಗೇರಿನ್ಯಾಗ ಭಾಳ ರೇಸ್ ಕೊಡ್ತಾರಂತ. ಆವಾಗ ಫ್ಯಾನ್ ತಿರಗಿದ್ರೂ ಸಾಲೂದಿಲ್ಲಂತ. ಅದಕ್ಯಾಕ ಬ್ಯಾಸರಾ ಮಾಡ್ಕೋತಿ?"

ಅವ್ವ ಕೈಯ ಹಿಟ್ಟು ಒರೆಸಿಕೊಂಡಳು. ಪಾಠ ಹೇಳುವ ದನಿಯಲ್ಲಿ ಒಂದೊಂದಾಗಿ ಹೇಳಿದಳು.

"ನೀರ ಸರಿ ಐತಿ. ಫ್ಯೂಜ್ ಸರಿ ಐತಿ. ವೈರ್ ಸರಿ ಐತಿ. ಫ್ಯಾನ್ ಮನ್ಯಾಗ ತಿರಗತೈತಿ."

"ಹಂಗಾರ ಉಳದದ್ದೇನಬೇ?" ಎಂದಳು ಆಯಿ. ಅವಳ ದನಿಯಲ್ಲಿ ಆವತ್ತು ಕುಹಕ ಇರಲಿಲ್ಲ.

"ನಾ ಉಳದೆ," ಎಂದಳು ಅವ್ವ.

ಅವಳ ತರ್ಕದಲ್ಲಿ ತಪ್ಪಿರಲಿಲ್ಲ. ಒಂದೊಂದನ್ನೇ ಬದಲಿಸಿ, ಉಳಿದದ್ದನ್ನೆಲ್ಲ ಇದ್ದಂತೆಯೇ ಇಟ್ಟು ನೋಡಬೇಕು ಎಂದು ಅವಳೇ ಕಲಿಸಿದ್ದಳು. ನೀರು, ಗಾಳಿ, ವೈರು, ಹಿತ್ತಾಳೆ ಎಲ್ಲವನ್ನೂ ಬದಲಿಸಿ ನೋಡಿದ್ದಳು. ಇದ್ದಂತೆಯೇ ಇಟ್ಟದ್ದು ಗಂಡನ ಮೇಲಿನ ನಂಬಿಕೆಯೊಂದನ್ನೇ. ಬೆಳಿಗ್ಗೆ ಇಬತ್ತಿಯ ಕೈಯಲ್ಲಿ ನೀರು ನೋಡಿ "ಹೋಗಿ ಬರ್ರಿ" ಎನ್ನುವವನನ್ನು ಪರೀಕ್ಷೆಗೆ ಹಚ್ಚುವ ಹೆಂಗಸು ನಮ್ಮ ಓಣಿಯಲ್ಲಿ ಇರಲಿಲ್ಲ. ಬೇರೆ ಎಲ್ಲಾದರೂ ಇದ್ದಾಳೋ ನನಗೆ ಗೊತ್ತಿಲ್ಲ.

ಆಮೇಲೆ ಅವಳು ಬರಿಗಾಲಲ್ಲಿ ಗಾಡಿ ಓಡಿಸತೊಡಗಿದಳು, ಕ್ಲಚ್ಚಿನ ಮೇಲೆ ಕಾಲು ಇದೆಯೋ ಇಲ್ಲವೋ ಗೊತ್ತಾಗಲಿ ಎಂದು. ಗೇರು ಬದಲಿಸುವಾಗಲೆಲ್ಲ ಬಾಯಲ್ಲಿ ಏನೋ ಅಂದುಕೊಳ್ಳುತ್ತಿದ್ದಳು. ನಾನು ಮುಳ್ಳಿನ ಜೊತೆಗೆ ಅವಳ ಪಾದವನ್ನೂ ನೋಡುತ್ತಿದ್ದೆ. ಪಾದ ತಪ್ಪು ಮಾಡುತ್ತಿರಲಿಲ್ಲ. ಮುಳ್ಳು ಏರುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಹೆಡ್ ಮಾಸ್ತರು ಅವಳನ್ನು ಕರೆದು, ಮಕ್ಕಳಿಗೆ ಮೊದಲ ಗಂಟೆ ಹಾಳಾಗುತ್ತಿದೆ, ಅದೇ ಊರಿನ ಒಬ್ಬ ಹುಡುಗ ಬಿ.ಎಡ್. ಮುಗಿಸಿ ಬಂದಿದ್ದಾನೆ ಎಂದರು. ಅವಳು ಉಷ್ಣಮಾಪಕವನ್ನು ಪ್ರಯೋಗಶಾಲೆಯ ಕಪಾಟಿನಲ್ಲಿ ಇಟ್ಟು ಬಂದಳು. ಮನೆಗೆ ಬಂದವಳು ಚಾವಿಯನ್ನು ಗೂಟಕ್ಕೆ ಹಾಕಿದಳು. ಅಪ್ಪ ಅಂದು ಅಂಗಡಿ ಬೇಗ ಮುಚ್ಚಿ ಬಂದು ತಾನೇ ಚಹಾ ಮಾಡಿ ಅವಳಿಗೆ ಕೊಟ್ಟ. "ನೌಕರಿ ಹೋದ್ರ ಹೋತು ಬಿಡು ಸರೋಜಾ, ನೀ ಕಲ್ತೀಯಲ್ಲ, ಅದನ್ನ ಯಾರೂ ಕಸ್ಗೊಳ್ಳೂದಿಲ್ಲ" ಎಂದ. ಆ ಮಾತಿಗೆ ಅವಳು ಕಣ್ಣು ತುಂಬಿಕೊಂಡಳು. ಬಹುಶಃ ನಾನು ಸೇತುವೆಯ ಮೇಲೆ ಕೂರಿಸಿದ ಅಳು ಇದೇ ಇರಬಹುದು.

ಬೈಯುತ್ತಿದ್ದವಳು ಆಯಿ. ಆದರೆ ನೌಕರಿ ಹೋದ ಮೇಲೆ ಆಯಿ ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಸಿಹಿನೀರಿನ ಕೊಡವನ್ನು ಕೆಲವು ದಿನ ತಾನೇ ಹೊತ್ತು ತಂದಳು. ಎತ್ತಿ ಆಡಿದವನು ಅಪ್ಪ, ಅದೂ ಪ್ರೀತಿಯಿಂದ. ಮನೆಗೆ ಬೀಗರು ಬಂದರೆ, ಅಂಗಡಿಗೆ ಗೆಳೆಯರು ಬಂದರೆ, "ನಮ್ಮಾಕಿ ಹೊಡದ್ರ ಗಾಡಿಗೂ ಸಿಟ್ಟ ಬರ್ತೈತ್ರಿ, ಕುದೀತೈತಿ" ಎಂದು ನಗಿಸುತ್ತಿದ್ದ. ಅವ್ವನೂ ನಗುತ್ತಿದ್ದಳು. ಹಾಗೆ ಅದು ನಮ್ಮ ಮನೆಯ ಗಾದೆಯಾಯಿತು. ಅವ್ವ ಸಾರಿಗೆ ಉಪ್ಪು ಮರೆತರೆ, ಹೊಲಿಗೆ ಯಂತ್ರದ ದಾರ ಹರಿದರೆ, ಆಮೇಲಾಮೇಲೆ ಮೊಬೈಲು ಕೆಟ್ಟರೆ, ಎಲ್ಲಕ್ಕೂ ಅದೇ ಮಾತು. ಅವಳೇ ಮೊದಲು ಹೇಳಿಬಿಡುತ್ತಿದ್ದಳು: "ನನ್ನ ಕೈಗೆ ಸಿಕ್ಕರ ಕುದಿಯೂದ ಅದು." ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದಳು. ಅಲ್ಲಿಂದಲೂ ಕತ್ತು ಚಾಚಿ ಮುಳ್ಳು ನೋಡುತ್ತಿದ್ದಳು. ಗಾಡಿ ಆಮೇಲೆ ಎಂದೂ ಕುದಿಯಲಿಲ್ಲ.

ಅಪ್ಪ ತೀರಿಕೊಂಡು ಕೆಲವು ವರ್ಷಗಳಾಗಿವೆ. ಅವ್ವ ಈಗ ಧಾರವಾಡದಲ್ಲಿ ನಮ್ಮ ಜೊತೆ ಇದ್ದಾಳೆ. ಕಳೆದ ಬೇಸಿಗೆಯಲ್ಲಿ ಒಂದು ಮದುವೆಯ ಬಟ್ಟೆ ಕೊಳ್ಳಲು ಕುಂದಗೋಳಕ್ಕೆ ಹೋದಾಗ ಮೌಲಾಸಾಬ್ ಕಾಕಾನ ಬಟ್ಟೆ ಅಂಗಡಿಗೆ ಹೋದೆ. ಅಪ್ಪ ಕಾರನ್ನು ಮಾರಿದ್ದು ಅವನಿಗೇ. ವಯಸ್ಸಾದರೂ ಗಲ್ಲಾದ ಮೇಲೆ ಅವನೇ ಕೂತಿರುತ್ತಾನೆ. ನನ್ನನ್ನು ಗುರುತಿಸಿ ಚಹಾ ತರಿಸಿದ.

"ನಿಮ್ಮ ಗಾಡಿ ಇನ್ನೂ ಐತಿ ತಮ್ಮಾ. ಮನಿ ಹಿಂದ ಛಪ್ಪರದಾಗ ನಿಂತೈತಿ. ಒಮ್ಮೊಮ್ಮಿ ಚಾಲೂ ಮಾಡಿ ಇಡ್ತೀನಿ. ಮಾರಾಕ ಮನಸ ಬರವಲ್ದು."

"ಈಗೂ ಕುದೀತೈತೇನು ಕಾಕಾ?" ಎಂದು ನಾನು ನಕ್ಕೆ.

"ಕುದಿಯೂದಾ? ಒಮ್ಮಿನೂ ಇಲ್ಲ. ನಿಮ್ಮಪ್ಪಾರು ಕೊಡುಮುಂದ ಹೇಳಿದ್ರಲ್ಲಪಾ, ಬ್ಯಾಟರಿ ಹಿಂದ ಒಂದ ಬಟನ್ ಐತಿ, ಅದನ್ನ ಮ್ಯಾಲ ಇಡ್ರಿ, ಯಾವತ್ತೂ ಕೆಳಗ ಒತ್ತಬ್ಯಾಡ್ರಿ, ಫ್ಯಾನಿಂದು ಅಂತ. ನಾ ಮುಟ್ಟೇ ಇಲ್ಲ."

ಆ ಕ್ಷಣದಿಂದ ನನ್ನ ನೆನಪಿನೊಳಗೆ ಒಂದು ಸದ್ದು ಸೇರಿಕೊಂಡಿದೆ. ಬೆಳಿಗ್ಗೆ ಅಪ್ಪ ನೀರು ಹೊಯ್ದಾದ ಮೇಲೆ, ಬಾನೆಟ್ ಇಳಿಸುವ ಮುಂಚೆ, ಟಕ್ ಎಂಬ ಸಣ್ಣ ಸದ್ದು. ಅದು ಮೊದಲಿನಿಂದಲೂ ಅಲ್ಲಿತ್ತೋ, ಬಟನ್ನಿನ ಸುದ್ದಿ ಕೇಳಿದ ಮೇಲೆ ನಾನೇ ತಂದು ಇಟ್ಟೆನೋ ಹೇಳಲಾರೆ. ಅಪ್ಪ ಅಂಗಡಿಯ ಮಾಲು ತರಲು ನಸುಕಿನ ಬಸ್ಸಿಗೇ ಹುಬ್ಬಳ್ಳಿಗೆ ಹೋಗಿರುತ್ತಿದ್ದ ದಿನ ಗಾಡಿ ಕುದಿಯುತ್ತಿರಲಿಲ್ಲ ಎಂದೂ ಈಗ ಅನಿಸುತ್ತದೆ. ಅದನ್ನೂ ನಂಬುವುದಿಲ್ಲ. ಸಿಟ್ಟು ಬಂದಾಗ ನೆನಪು ಬಹಳ ಚುರುಕಾಗಿ ಸಾಕ್ಷಿ ಒದಗಿಸುತ್ತದೆ. ಆ ವಾರವೆಲ್ಲ ನಾನು ಅಪ್ಪನ ಫೋಟೋ ಇರುವ ಕೋಣೆಗೆ ಹೋಗಲಿಲ್ಲ. ನೌಕರಿ ಬೇಡ ಎಂದು ಅವನು ಅಂದಿದ್ದರೆ ಸಾಕಿತ್ತು. ಊರಿನ ಬೇರೆ ಗಂಡಸರಂತೆ ಬೇಡ ಎಂದು ಗುಡುಗಿದ್ದರೆ ಅವ್ವ ಜಗಳಾಡುತ್ತಿದ್ದಳು, ಸೋಲುತ್ತಿದ್ದಳೋ ಗೆಲ್ಲುತ್ತಿದ್ದಳೋ, ತನ್ನ ಕಾಲನ್ನು ತಾನು ಅನುಮಾನಿಸುತ್ತಿರಲಿಲ್ಲ. ಅವನು ಎಲ್ಲದಕ್ಕೂ ಹ್ಞೂಂ ಎಂದ, ಮಿರ್ಚಿ ಹಂಚಿದ, ಚಪ್ಪಾಳೆ ತಟ್ಟಿದ. ಹೀಗೆಂದು ನಾನು ತೀರ್ಪು ಬರೆಯುತ್ತಿದ್ದೆ, ಬರಿ ಒಂದು ಬಟನ್ನಿನ ಮಾತಿನ ಮೇಲೆ.

ಕಡೆಗೆ ಅವ್ವನಿಗೆ ಹೇಳಿದೆ. ಅವಳು ಅಡುಗೆಮನೆಯಲ್ಲಿ ಮೆಂತ್ಯ ಸೋಸುತ್ತ ಕೂತಿದ್ದಳು. ಕೇಳಿ ಮುಗಿಯುವವರೆಗೂ ಕೈ ನಿಲ್ಲಲಿಲ್ಲ.

"ಬಟನ್ ಇದ್ರ ಏನಾತು? ಭಾಳ ಮಂದಿ ಹಾಕಸ್ತಾರ. ತಾನ ತಿರಗಲಿಲ್ಲಂದ್ರ ಕೈಲೆ ತಿರಗಸಾಕ."

"ಹಂಗಿದ್ರ ನಿನಗ್ಯಾಕ ಹೇಳಲಿಲ್ಲ?"

"ಆಮ್ಯಾಲ ಹಾಕ್ಸಿರಬೇಕು. ನನಗ ಗಾಡಿ ಕಲಿಸಿದಾಂವ ಆಂವ. ಕಲಿಸಿದಾಂವ ಯಾಕ ಕೆಡಸ್ತಾನೋ?"

ಅವಳು ಉಳಿದ ಸೊಪ್ಪನ್ನೂ ಸೋಸಿ ಮುಗಿಸಿದಳು. ಆಮೇಲೆ ಎದ್ದು ಕೈ ತೊಳೆದುಕೊಂಡು ಬಂದಳು. ಬಂದವಳ ದನಿ ಬೇರೆಯಾಗಿತ್ತು. ಒಂಬತ್ತನೇ ಇಯತ್ತೆಗೆ ಕೇಳಿಸುತ್ತಿದ್ದ ದನಿ.

"ಸುಮ್ನ ಊಹಾ ಮಾಡಬ್ಯಾಡ. ಹೋಗಿ ನೋಡು. ಇಂಜಿನ್ ತಣ್ಣಗಿದ್ದಾಗ ಬಟನ್ ಮ್ಯಾಲ ಮಾಡು, ಕೆಳಗ ಮಾಡು. ಯಾವುದಕ್ಕರ ಫ್ಯಾನ್ ತಿರಗಿತಂದ್ರ ಅದು ಕೈಲೆ ಓಡಸಾಕ ಹಾಕಿದ್ದು. ನಿಮ್ಮಪ್ಪ ಚಲೋನ ಮಾಡ್ಯಾನ. ತಿರಗಲಿಲ್ಲಂದ್ರ, ಬಿಸಿ ಆಗೂಮಟಾ ನಿಂದ್ರು. ಫ್ಯಾನ್ ಹತ್ತಿದಮ್ಯಾಲ ಬಟನ್ ಕೆಳಗ ಮಾಡು." ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಬಂದು ಏನ್ ಕಂಡಿ ಅಷ್ಟ ಹೇಳು. ಏನ್ ತಿಳೀತು ಅಂತ ಹೇಳಬ್ಯಾಡ. ಅದನ್ನ ನಾ ತಿಳ್ಕೋತೀನಿ."

ಮರುದಿನ ಬೆಳಿಗ್ಗೆ ಕುಂದಗೋಳಕ್ಕೆ ಹೋದೆ. ಮೌಲಾಸಾಬ್ ಕಾಕಾ ಛಪ್ಪರದ ಬಾಗಿಲು ತೆಗೆದು, ನಾನು ಮಾಡುವುದನ್ನು ನೋಡುತ್ತ ಕುರ್ಚಿ ಹಾಕಿಕೊಂಡು ಕೂತ. ಬ್ಯಾಟರಿಯ ಹಿಂದೆ, ಬೆರಳು ಮಡಿಸಿ ಹಾಕಿದರೆ ಮಾತ್ರ ಸಿಗುವ ಜಾಗದಲ್ಲಿ, ಮನೆಯ ದೀಪಕ್ಕೆ ಹಾಕುವಂಥದೇ ಒಂದು ಕರಿ ಬಟನ್ನು ಇತ್ತು. ಅದಕ್ಕೆ ಹೋದ ವೈರನ್ನು ಗೊಬ್ಬರದ ಚೀಲ ಹೊಲಿಯುವ ದಾರದಿಂದ ಬಿಗಿದು ಕಟ್ಟಲಾಗಿತ್ತು. ವೈರನ್ನು ಬೇರೆ ಯಾರಾದರೂ ಮುಟ್ಟಿದ್ದಾರೆಯೇ ಎಂದು ಕೇಳಿದೆ. ಇಲ್ಲ ಎಂದ ಕಾಕಾ. ಇಂಜಿನ್ನು ತಣ್ಣಗಿತ್ತು. ಚಾವಿ ತಿರುವಿ ಬಟನ್ನು ಮೇಲೆ ಮಾಡಿದೆ. ಫ್ಯಾನು ತಿರುಗಲಿಲ್ಲ. ಕೆಳಗೆ ಮಾಡಿದೆ. ತಿರುಗಲಿಲ್ಲ. ಮತ್ತೆ ಮೇಲೆ ಮಾಡಿ, ಗಾಡಿ ಚಾಲೂ ಇಟ್ಟು ಕಾದೆ. ಮುಳ್ಳು ಏರಿ ಫ್ಯಾನು ಗರ್ರೆಂದು ಹತ್ತಿತು. ಬೆರಳು ಹಾಕಿ ಬಟನ್ನನ್ನು ಕೆಳಗೆ ಒತ್ತಿದೆ. ಫ್ಯಾನು ನಿಂತಿತು, ಮುಳ್ಳು ಏರುತ್ತಲೇ ಹೋಯಿತು. ಮೇಲೆ ಮಾಡಿದೆ, ತಿರುಗಿತು. ಕಾಕಾ ಕುರ್ಚಿಯಿಂದ ಎದ್ದು ನಿಂತ. ಇನ್ನೊಮ್ಮೆ ಮಾಡಿ ನೋಡಿದೆ, ಅಷ್ಟೇ ಆಯಿತು. ಆ ಬಟನ್ನಿನಿಂದ ಫ್ಯಾನನ್ನು ನಿಲ್ಲಿಸಲು ಬರುತ್ತಿತ್ತು, ಓಡಿಸಲು ಬರುತ್ತಿರಲಿಲ್ಲ.